ಟ್ಯಾಂಜಿಯರ್‌ನಲ್ಲಿ ಕಳೆದ ಇಷ್ಟಲಿಂಗ

ದೇವರು ಸರ್ವವ್ಯಾಪಿ, ಅಣುರೇಣುವಿನಲ್ಲೂ ನೆಲೆಸಿದವನು. ಇದರಲ್ಲಿ ಯಾರಿಗೂ ಸಂಶಯ ಬೇಡ. ಆದರೆ ಕಳೆದ ಈಸ್ಟರ್ ರಜೆಯಲ್ಲಿ, ಮೊರಾಕ್ಕೊ ದೇಶದ ಟ್ಯಾಂಜಿಯರ್ ಎಂಬ ಕಡಲೂರಿನ ಒಂದು ವಸತಿಗೃಹದಲ್ಲಿ, ಮಂಚದ ಕೆಳಗೆ ಟಾರ್ಚ್ ಬಿಟ್ಟು ಹುಡುಕಿದರೂ ಅವನು ಸಿಗಲಿಲ್ಲ.

ಶರಣ ಬಂಧುಗಳೇ, ಇಂಗ್ಲೆಂಡಿನ ಡರ್ಬಿಯ ನಮ್ಮ ತಿಂಗಳ ಕೂಟದಲ್ಲಿ ನನ್ನ ಪತ್ನಿ ಶಾಂತಾಳನ್ನು ನೀವೆಲ್ಲ ಬಲ್ಲಿರಿ. ಇಷ್ಟಲಿಂಗದ ಪೂಜೆಯಾಗದೆ ಆಕೆ ನೀರನ್ನೂ ಮುಟ್ಟುವವಳಲ್ಲ. ಸಕ್ಕರೆ ಕಾಯಿಲೆಗೆ ರಾತ್ರಿ ಇನ್ಸುಲಿನ್ ಚುಚ್ಚಿಕೊಳ್ಳುವುದರಿಂದ ಬೆಳಿಗ್ಗೆ ತಿನ್ನದೆ ಇರುವಂತೆಯೂ ಇಲ್ಲ. ಈ ಎರಡು ನಿಯಮಗಳು ಇಷ್ಟು ವರ್ಷ ಜಗಳವಾಡದೆ ಬಾಳಿದ್ದವು. ಟ್ಯಾಂಜಿಯರ್‌ನಲ್ಲಿ ಎರಡನೆಯ ಸಂಜೆ, ಊರು ಸುತ್ತಿ ಬಂದು ಕೋಟು ಬಿಚ್ಚಿದವಳು ಕುತ್ತಿಗೆ ಮುಟ್ಟಿಕೊಂಡಳು. ಸವೆದ ಶಿವದಾರ ಎಲ್ಲೋ ಹರಿದು, ಲಿಂಗ ಬಿದ್ದುಹೋಗಿತ್ತು.

ಕೋಣೆಯನ್ನೆಲ್ಲ ಜಾಲಾಡಿದೆವು. ಬೆಳಿಗ್ಗೆ ನಾನು ತತ್ತ್ವಶಾಸ್ತ್ರದ ಮೊರೆ ಹೊಕ್ಕೆ.

“ದೇವ್ರು ಎಲ್ಲಾ ಕಡೆ ಅದಾನ, ಶಾಂತಾ. ಒಂದು ತುತ್ತು ತಿನ್ನು.”

“ಹಂಗಾದ್ರ ನಾಷ್ಟಾನೂ ಎಲ್ಲಾ ಕಡೆ ಐತಿ ಅನ್ಕೊಂಡು ಸುಮ್ಮನಾಗ್ರಿ.”

ನಾಟಿಂಗ್‌ಹ್ಯಾಮ್‌ನಲ್ಲಿ ಡಾಕ್ಟರಾಗಿರುವ ಮಗಳಿಗೆ ಫೋನ್ ಮಾಡಿದೆ. “ಅಪ್ಪಾ, ಶುಗರ್ ಲೋ ಆಗತ್ತೆ. ಜ್ಯೂಸ್ ಕೊಡಿ, ರೈಟ್ ನೌ,” ಎಂದಳು. ಜ್ಯೂಸ್ ಇತ್ತು, ಕುಡಿಯುವವರು ಇರಲಿಲ್ಲ.

“ಈ ಮನಿ ಒಡತೀನ ಕೇಳೂಣ್ರಿ,” ಎಂದಳು ಶಾಂತಾ.

“ಏನಂತ? ಕರೀ ಕಲ್ಲು ಕಳದೈತಿ ಅಂತನ? ಅವರು ಮುಸಲ್ಮಾನರು, ಅವರಿಗಿದು ತಿಳಿಯೂದಿಲ್ಲ,” ಎಂದು ತಡೆದೆ.

ಹೀಗಾಗಿ ಟ್ಯಾಂಜಿಯರ್ ಬಗ್ಗೆ ನಾನು ಅಧಿಕಾರವಾಣಿಯಿಂದ ಹೇಳಬಲ್ಲದ್ದೆಲ್ಲ ಅದರ ನೆಲದ ಬಗ್ಗೆ. ಹಿಂದಿನ ದಿನದ ಹಾದಿಯನ್ನೇ ತಲೆ ತಗ್ಗಿಸಿ ಮತ್ತೆ ನಡೆದೆವು. ಕೋಟೆಯ ಓಣಿಗಳಲ್ಲಿ ನುಣ್ಣಗೆ ಸವೆದ ಮೆಟ್ಟಿಲು, ಮೀನುಪೇಟೆಯಲ್ಲಿ ಐಸಿನ ನೀರು, ಚಹದಂಗಡಿಗಳ ಮುಂದೆ ಪುದೀನ ಕಡ್ಡಿ, ಎಲ್ಲೆಲ್ಲೂ ಬೆಕ್ಕು. ಜಲಸಂಧಿಯಾಚೆ ಸ್ಪೇನ್ ಕಾಣುತ್ತದಂತೆ, ನಾನು ನೋಡಲಿಲ್ಲ. ಬಂದರಿನ ಕಟ್ಟೆಯ ಮೇಲೆ ಶಾಂತಾ ಕುಸಿದು ಕೂತಳು. ಹಣೆ ಬೆವರಿತ್ತು, ಬೆರಳು ನಡುಗುತ್ತಿದ್ದವು. ಕಡಲಿಗೆ ಮುಖ ಮಾಡಿ ಕೇಳಿದೆ: “ಶಿವನೇ, ಲಿಂಗ ಸಿಗಲಿ ಬಿಡಲಿ, ಈಕೆ ಉಳೀಲಿ.” ಚೌಕಾಸಿಯ ಆ ಊರಿನಲ್ಲಿ ನಾನು ಚೌಕಾಸಿಯಿಲ್ಲದೆ ಕೇಳಿದ್ದು ಅದೊಂದೇ.

ಟ್ಯಾಕ್ಸಿಯಲ್ಲಿ ವಾಪಸು ಕರೆತಂದೆ. ವಸತಿಗೃಹದ ಒಡತಿ, ವಯಸ್ಸಾದಾಕೆ, ಶಾಂತಾಳ ಮುಖ ನೋಡಿದವಳೇ ಸಿಹಿ ಚಹ ತಂದು ಹಿಡಿದಳು. ಶಾಂತಾ ಬೇಡವೆಂದು ತಲೆಯಾಡಿಸಿ, ಈ ಸಲ ನನ್ನನ್ನು ಕೇಳದೆ, ಕುತ್ತಿಗೆಯ ಸುತ್ತ ಬೆರಳಿನಿಂದ ದಾರ ಎಳೆದು ತೋರಿಸಿದಳು. ಖಾಲಿ ಅಂಗೈಯನ್ನು ಕಣ್ಣಿಗೊತ್ತಿಕೊಂಡಳು. ಮುದುಕಿ ಚಹದ ಲೋಟ ಅಲ್ಲೇ ಇಟ್ಟು, ಕೈ ತೊಳೆದು ಒಳಗೆ ಹೋದಳು. ಬರುವಾಗ ಎರಡೂ ಕೈಗಳಲ್ಲಿ ಬಿಳಿ ರೇಷ್ಮೆ ವಸ್ತ್ರ, ಅದರೊಳಗೆ ಲಿಂಗ.

ಆಕೆಯ ಮಗ ಫೋನಿನಲ್ಲಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಹಿಂದಿನ ದಿನ ಎಲ್ಲ ಕೋಣೆಗಳಿಂದ ಒಗೆಯಲು ತೆಗೆದ ಹಾಸಿಗೆ ಬಟ್ಟೆಯ ರಾಶಿಯಲ್ಲಿ ಅದು ಸಿಕ್ಕಿತ್ತು, ಯಾರದೆಂದು ತಿಳಿದಿರಲಿಲ್ಲ. “ಇದು ಯಾರದೋ ಪ್ರಾರ್ಥನೆ ಅಂತ ಅಮ್ಮನಿಗೆ ಗೊತ್ತಾಯಿತು. ಅಂಥದ್ದನ್ನು ಕಂಡಕಂಡವರಿಗೆ ತೋರಿಸಬಾರದು, ಕೇಳಿ ಬಂದವರಿಗೆ ಕೊಡಬೇಕು ಅಂತ ಎತ್ತರದಲ್ಲಿ ಇಟ್ಟಿದ್ದಳು.”

ಯಾರಿಗೆ ತಿಳಿಯುವುದಿಲ್ಲ ಎಂದಿದ್ದೆನೋ ಅವರ ಮನೆಯಲ್ಲೇ ಶಿವ ರೇಷ್ಮೆ ಹೊದ್ದು ಕೂತಿದ್ದ. ಅವನಿಗೂ ಆ ತಾಯಿಗೂ ನನ್ನ ಶರಣು. ಸರ್ವವ್ಯಾಪಿ ಎಂಬ ಮಾತನ್ನು ಈಗ ನಾನು ವಾದಕ್ಕೆ ಬಳಸುವುದಿಲ್ಲ, ನಂಬುತ್ತೇನೆ.

ಶಾಂತಾ ಆ ಮನೆಯ ಅಂಗಳದಲ್ಲೇ ಕೂತು ಪೂಜೆ ಮುಗಿಸಿದಳು. ಆಮೇಲೆ ಆರಿದ ಚಹ ಕುಡಿದು ರೊಟ್ಟಿ ತಿಂದಳು.