ನೋಡೋಣ ಮೂಲೆಯ ಜಮಾಲ್ ಸಾಬ್

ಬೆಳಗಿನ ಪಾಳಿಯ ಸೈರನ್ ಇನ್ನೂ ಆಗಿಲ್ಲ. ರಾತ್ರಿ ಪಾಳಿಯವರು ಕೈಕಾಲು ತೊಳೆಯಲು ನಲ್ಲಿಯ ಕಡೆ ಹೊರಟಿದ್ದಾರೆ. ದಾವಣಗೆರೆಯ ದೊಡ್ಡ ಬಟ್ಟೆ ಗಿರಣಿಯೊಂದರ ನೂಲು ಸುತ್ತುವ ವಿಭಾಗದಲ್ಲಿ ಫಿಟ್ಟರ್ ಜಮಾಲ್ ಸಾಬ್ ಆಗಲೇ ಬಂದು, ಮೂಲೆಯ ಹಳೆಯ ಯಂತ್ರದ ಮೇಲೆ ಕೂತ ಹತ್ತಿಯ ಧೂಳನ್ನು ಬಟ್ಟೆಯಿಂದ ಒರೆಸುತ್ತಿದ್ದಾರೆ. ನರೆತ ಗಡ್ಡದಲ್ಲೂ ಅಷ್ಟೇ ಧೂಳು.

ಗುಜರಿಗೆ ಹೋಗಬೇಕಿದ್ದ ಯಂತ್ರ ಅದು. ಆರೇಳು ವರ್ಷದ ಹಿಂದೆ ಮ್ಯಾನೇಜರ್ ಹತ್ತಿರ ಹೋಗಿ ಕೇಳಿ ಉಳಿಸಿಕೊಂಡರು. ಕೆಲಸಗಾರರಿಗೆ ಏನಾದರೊಂದು ಹೊಸ ಯೋಚನೆ ಹೊಳೆದರೆ ಇಲ್ಲಿ ತಂದು ಮಾಡಿ ನೋಡಬಹುದು. ಯಾರು ಏನೇ ತಂದರೂ ಸಾಬರ ಬಾಯಲ್ಲಿ ಬರುವುದು "ನೋಡೋಣ" ಎಂಬ ಒಂದೇ ಮಾತು. ಹಾಗಾಗಿ ಗಿರಣಿಯಲ್ಲೆಲ್ಲ ಅದು 'ನೋಡೋಣ ಮೂಲೆ'.

"ನಾನು ಏನೂ ಕಂಡುಹಿಡಿದಿಲ್ಲ ಬಿಡ್ರಿ," ಎನ್ನುತ್ತಾರೆ. "ತಲೆ ಅವರ್ದು. ನಾನು ಪಾನಾ ಹಿಡೀತೀನಿ, ಕೆಟ್ರೆ ಬೈಸ್ಕೊಂತೀನಿ."

ಬೈಸಿಕೊಂಡದ್ದು ಸಣ್ಣ ಮಾತಲ್ಲ. ನೂಲು ಸುತ್ತುವ ಕೊಟ್ರವ್ವ ಒಂದು ದಿನ ಅವರ ಮುಂದೆ ತನ್ನ ಬೆರಳು ಚಾಚಿದಳು. ನೂಲು ಹಾಯುವ ತಂತಿಯ ಕೊಂಡಿ ಸವೆದು ಗೀರು ಬೀಳುತ್ತಿತ್ತು. ಆ ಗೀರಿಗೆ ಸಿಕ್ಕು ನೂಲು ಹರಿಯುವುದು, ಹರಿದದ್ದನ್ನು ಮತ್ತೆ ಮತ್ತೆ ಗಂಟು ಹಾಕಿ ಹೆಣ್ಣುಮಕ್ಕಳ ಬೆರಳು ಸೀಳುವುದು. "ತಂತಿ ಬದ್ಲು ಗಾಜಿನ ಬಳೆ ಕಟ್ಟಿದ್ರೆ ಹೆಂಗೆ ಸಾಬ್ರೇ? ಗಾಜು ಸವೆಯಂಗಿಲ್ಲ," ಎಂದಳು. ಸಾಬರ ಹೆಂಡತಿ ಖತೀಜಾಬೀ ಮನೆಮನೆಗೆ ಬಳೆ ತೊಡಿಸುವಾಕೆ. ಆಕೆಯ ಬುಟ್ಟಿಯಿಂದಲೇ ಎಳೆಮಕ್ಕಳ ಬಳೆ ಬಂದವು.

ತಂತಿಯ ಕೊಂಡಿಗಳ ಬದಲು ಅವನ್ನು ಕಟ್ಟಿದ ಮೂಲೆಯ ಯಂತ್ರ ಮಧ್ಯಾಹ್ನದವರೆಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ಬಳೆಗಳು ಒಂದರ ಹಿಂದೊಂದು ಒಡೆದವು. ಗಾಜಿನ ಚೂರು ನೂಲಿನಲ್ಲಿ ಸೇರಿ, ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಉಚ್ಚಂಗಮ್ಮನ ಅಂಗೈ ಕೊಯ್ದಿತು. ಅಂದು ಸುತ್ತಿದ ನೂಲೆಲ್ಲ ಹಾಳು. ಕೊಟ್ರವ್ವನನ್ನು ಕೆಲಸದಿಂದ ತೆಗೆಯಬೇಕೆಂದು ಸೂಪರ್‌ವೈಸರ್ ಪಟ್ಟು ಹಿಡಿದರು. ಮನೆಯಲ್ಲಿ ದುಡಿಯುವವಳು ಆಕೆಯೊಬ್ಬಳೇ. ಸಾಬರು ಕೈಯ ಎಣ್ಣೆಯನ್ನೂ ಒರೆಸಿಕೊಳ್ಳದೆ ಆಫೀಸಿಗೆ ಹೋದರು. "ಬಳೆ ಕಟ್ಟಿದ್ದು ಆಕಿ, ಕಟ್ಟು ಅಂದಿದ್ದು ನಾನು. ಕಳಿಸೋದಾದ್ರೆ ನನ್ನ ಕಳಿಸ್ರಿ," ಎಂದರು.

ಕೊಟ್ರವ್ವನ ಕೆಲಸ ಉಳಿಯಿತು. ಆದರೆ ಸಾಬರಿಗೆ ಬರಬೇಕಿದ್ದ ಹೆಡ್ ಫಿಟ್ಟರ್ ಹುದ್ದೆ ಬೇರೆಯವರ ಪಾಲಾಯಿತು. ಅದಕ್ಕಿಂತ ಅವರನ್ನು ಕೊರೆದದ್ದು ಇನ್ನೊಂದು. ಆ ಮೂಲೆಯ ಕಡೆ ಆಮೇಲೆ ಯಾರೂ ಸುಳಿಯಲಿಲ್ಲ. ತಿಂಗಳುಗಟ್ಟಲೆ ಯಂತ್ರ ಸುಮ್ಮನೆ ನಿಂತಿತು. "ಬೈದಿದ್ರೆ ತಡ್ಕೊಂತಿದ್ದೆ. ಯಾರೂ ಬರ್ಲೇ ಇಲ್ಲ ನೋಡ್ರಿ, ಅದು ತಡಿಯಾಕಾಗ್ಲಿಲ್ಲ."

ಕೊನೆಗೆ ಅವರೇ ಕೊಟ್ರವ್ವನನ್ನು ಹುಡುಕಿಕೊಂಡು ಹೋದರು. ಆಕೆ ತಲೆ ಎತ್ತಲಿಲ್ಲ. "ನನ್ನಿಂದ ನಿಮ್ಮ ಬಡ್ತಿ ಹೋತು. ಇನ್ನು ಬ್ಯಾಡ್ರಿ."

"ಬಡ್ತಿ ಹೋದ್ರೆ ಹೋಗ್ಲಿ ಬಿಡವ್ವ. ಬಳೆ ಯಾಕ ಒಡೀತು ಅನ್ನೋದು ಹಂಗೇ ಉಳಿದೈತೆ."

ಉತ್ತರ ಕೊಟ್ಟವಳು ಖತೀಜಾಬೀ. ಒಡೆದ ಚೂರುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ನೀವು ಬಿಗಿದು ಕಟ್ಟೀರಿ. ಬಳೆ ಕೈಯಾಗೆ ಆಡ್ತಿರಬೇಕು, ಆಗ್ಲೇ ಬಾಳೋದು," ಎಂದಳು. ಈ ಸಲ ಬಳೆಯನ್ನು ಮೆತ್ತನೆಯ ಚರ್ಮದ ಪಟ್ಟಿಯಲ್ಲಿ ಸಡಿಲವಾಗಿ ಕೂರಿಸಿದರು. ಒಡೆದರೂ ಚೂರು ನೂಲಿಗೆ ಬೀಳದಂತೆ ಕೆಳಗೆ ತಗಡಿನ ಮರೆ ಇಟ್ಟರು. ಬಳೆ ಒಡೆಯದೆ ನಿಂತಿತು. ನೂಲು ಹರಿಯುವುದು ಕಡಿಮೆಯಾಗಿ, ಇಂದು ವಿಭಾಗದ ಎಲ್ಲ ಯಂತ್ರಗಳಲ್ಲೂ ಬಳೆಯೇ ಇದೆ.

ಮ್ಯಾನೇಜರ್ ಖುದ್ದಾಗಿ ಬಂದು ನೋಡಿ, ನಿಮಗೇನು ಬೇಕು ಕೇಳಿ ಎಂದರು. ಹೋದ ಹುದ್ದೆಯನ್ನು ಕೇಳುತ್ತಾರೆಂದು ಎಲ್ಲರೂ ಕಾದರು. ಸಾಬರು ಕೇಳಿದ್ದು, ಮೂಲೆಯಲ್ಲಿ ಏನು ಕೆಟ್ಟರೂ ಕೆಲಸಗಾರರ ತಲೆಗೆ ಕಟ್ಟಬಾರದು ಎಂದು. ಮ್ಯಾನೇಜರ್ ಒಪ್ಪಿ, ಅದನ್ನು ಅಲ್ಲಿನ ಗೋಡೆಯ ಮೇಲೆಯೇ ಬಣ್ಣದಲ್ಲಿ ಬರೆಸಿದರು. ಅಂದಿನಿಂದ ನೇಯುವವರು, ಬಣ್ಣ ಹಾಕುವವರು, ಎಲ್ಲ ಕಡೆಯವರೂ ಬರತೊಡಗಿದರು. ತಂದದ್ದರಲ್ಲಿ ಹೆಚ್ಚಿನವು ಕೈಕೊಡುತ್ತವೆ. ತಂದವರೇ ನಗುತ್ತ ಬಿಚ್ಚಿಕೊಂಡು ಹೋಗುತ್ತಾರೆ.

ಈ ವರ್ಷ ಸಾಬರಿಗೆ ನಿವೃತ್ತಿ. ಅವರನ್ನು ಕಾಡುತ್ತಿದ್ದ ಭಯವೂ ಅದೇ. "ನಾನು ಹೋದಮ್ಯಾಲೆ ಮತ್ತೆ ಗುಜರಿಯಾದ್ರೆ? ನನ್ನ ಮುಖ ನೋಡಿ ನಡೀತಿದ್ರೆ ಅದು ನಡೆದಂಗಲ್ಲ." ಅದಕ್ಕೇ ಹೋದ ತಿಂಗಳು ಮೂಲೆಯನ್ನು ಕೊಟ್ರವ್ವನಿಗೆ ವಹಿಸಿ, ಬೇಕೆಂತಲೇ ರಜೆ ಹಾಕಿ ಹರಿಹರದಲ್ಲಿರುವ ಮಗಳು ರಶೀದಾಳ ಮನೆಗೆ ಹೋದರು. ಅಲ್ಲಿ ಕೂತರೆ ಕೂರಲಾರರು, ನಿಂತರೆ ನಿಲ್ಲಲಾರರು. ಹೊಳೆಯ ದಂಡೆಗೆ ಹೋಗಿ ಬರುವರು, ಮೊಮ್ಮಕ್ಕಳ ಆಟದ ಗಾಲಿ ರಿಪೇರಿ ಮಾಡುವರು. "ಅಬ್ಬಾಜಾನ್, ಒಂದ್ಸಲ ಹೋಗಿ ನೋಡ್ಕೊಂಡು ಬರ್ರಿ," ಎಂದು ಮಗಳು ಹೇಳಿದರೂ ಹೋಗಲಿಲ್ಲ.

ರಜೆ ಮುಗಿದು ಬಂದ ಬೆಳಿಗ್ಗೆ ಕಂಡದ್ದು ಗುರುತು ಸಿಗದ ಮೂಲೆ. ಯಂತ್ರವನ್ನು ಕಿತ್ತು ಕಿಟಕಿಯ ಕಡೆ ತಿರುಗಿಸಿದ್ದಾರೆ. ಬಗ್ಗಿ ಬಗ್ಗಿ ಸೊಂಟ ನೋಯುತ್ತದೆಂದು ಅದರ ಕೆಳಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿದ್ದಾರೆ. ಎತ್ತರ ಹೆಚ್ಚಾಗಿ ನೂಲು ಜಗ್ಗಿತಂತೆ. ನೇಕಾರ ಮೈಲಪ್ಪ ಕೆಳಗೆ ಮಲಗಿ ದಿಮ್ಮಿ ಕೆತ್ತುತ್ತಿದ್ದಾನೆ, ಕೊಟ್ರವ್ವ ಮೇಲಿನಿಂದ ಹೇಳಿಕೊಡುತ್ತಿದ್ದಾಳೆ. ಸಾಬರು ಬಂದು ನಿಂತದ್ದನ್ನು ಇಬ್ಬರೂ ಗಮನಿಸಲಿಲ್ಲ.

"ಒಂದು ಗಳಿಗೆ ಬ್ಯಾಸರ ಆತು, ಸುಳ್ಳು ಯಾಕ ಹೇಳ್ಲಿ," ಎಂದು ಸಾಬರು ಒರೆಸುವ ಬಟ್ಟೆಯನ್ನು ಕೊಡವುತ್ತಾರೆ. "ಸಂಜಿಗೆ ಮನೀಗೆ ಹೋಗಿ ಖತೀಜಾಗೆ ಹೇಳ್ದೆ, ಇಷ್ಟೆಲ್ಲ ಮಾಡ್ಯಾರೆ, ನನ್ನ ಒಂದು ಮಾತು ಕೇಳಿಲ್ಲ ಅಂತ. ನಿಮಗ ಬೇಕಿದ್ದದ್ದೂ ಅದೇ ಅಲ್ಲೇನ್ರಿ ಅಂತ ಆಕಿ ನಕ್ಕಳು. ನನಗೂ ನಗು ಬಂತು. ಆವತ್ತು ಹೊಟ್ಟೆ ತುಂಬ ಉಂಡೆ ನೋಡ್ರಿ."