ಗಂಡನ ಹೆಸರು ಹೇಳಿದ ಅಜ್ಜಿ

ಗಂಡನ ಹೆಸರನ್ನು ಹೆಂಗಸರು ಬಾಯಿಬಿಟ್ಟು ಹೇಳಬಾರದೆಂಬ ಪದ್ಧತಿಯನ್ನು ನಾನು ಕಾಲೇಜಿನ ಚರ್ಚಾಕೂಟದಲ್ಲಿ ಎರಡು ಸಲ ಸೋಲಿಸಿದ್ದೆ. ನಮ್ಮ ಮನೆಯಲ್ಲಿ ಮಾತ್ರ ಅದು ಸೋತಿರಲಿಲ್ಲ. ರಜೆಗೆ ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಗೆ ಬಂದಾಗಲೆಲ್ಲ ಅಜ್ಜಿಯ ಮುಂದೆ ವಾದ ಹೂಡುತ್ತಿದ್ದೆ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತೆ ಅಂತೀಯ, ಸರಿ. ತಾತ ಸತ್ತು ಎಷ್ಟೋ ವರ್ಷವಾಯಿತು, ಇನ್ನು ಕಡಿಮೆಯಾಗಲು ಏನು ಉಳಿದಿದೆ?

"ಓದಿದ್ದು ಜಾಸ್ತಿ ಆಯ್ತು ಕಣ್ಲಾ ನಿಂಗೆ," ಎಂದು ಅಜ್ಜಿ ದನಿ ಬಂದ ಕಡೆಗೆ ಕೈ ಬೀಸುತ್ತಿದ್ದಳು. ಎರಡು ಕಣ್ಣಿಗೂ ಪೊರೆ ಬಂದು, ಅವಳ ಪಾಲಿಗೆ ನಾನು ಬರೀ ದನಿಯಾಗಿದ್ದೆ.

ಆಪರೇಷನ್ನಿಗೆ ಬೆಂಗಳೂರಿಗೆ ಹೋಗುವ ಶಕ್ತಿ ನಮಗಿರಲಿಲ್ಲ. ಚಾಂಪಿಯನ್ ರೀಫ್ಸಿನಲ್ಲಿ ಚಿನ್ನದ ಗಣಿಗಿಳಿಯುತ್ತಿದ್ದ ನಮ್ಮೂರವನೊಬ್ಬ ದಾರಿ ತೋರಿಸಿದ. ಗಣಿ ಆಸ್ಪತ್ರೆಯಲ್ಲಿ ಕೆಲಸಗಾರರ ತಂದೆತಾಯಿಗೆ ಎಲ್ಲವೂ ಪುಕ್ಕಟೆ. "ನಮ್ಮವ್ವ ಓಗ್ಬಿಟ್ಲು. ನಿಮ್ಮಜ್ಜೀನ ನಮ್ಮವ್ವ ಅಂತ ಸೇರಿಸ್ತೀನಿ."

"ಸುಳ್ಳಲ್ವಾ ಇದು?"

"ಸುಳ್ಳೇ. ನಿಜ ಏಳಿದ್ರೆ ಕಣ್ಣು ಬತ್ತದಾ?"

ಚರ್ಚಾಕೂಟವನ್ನು ಮರೆತು, ಅಜ್ಜಿಯ ಕೈ ಹಿಡಿದು ಅವನ ಹಿಂದೆ ಹೊರಟೆ.

ಆಸ್ಪತ್ರೆಯ ಬೆಂಚಿನ ಮೇಲೆ ನಮಗಿಂತ ಮುಂಚೆ ಬಂದ ಹೆಂಗಸರು ಕೂತಿದ್ದರು. ಡಾಕ್ಟರು ಗಂಡನ ಹೆಸರು ಕೇಳಿದೊಡನೆ ಒಬ್ಬೊಬ್ಬರೂ ತಲೆ ತಗ್ಗಿಸಿ ಮಗನನ್ನು ತಿವಿಯುತ್ತಿದ್ದರು, ಮಗ ಹೇಳುತ್ತಿದ್ದ. ನಮ್ಮ ಉಪಾಯವೂ ಅದೇ. ಅಜ್ಜಿ ನಾಚಿಕೊಂಡರೆ ಸಾಕು, ಉಳಿದದ್ದು ಗಣಿಯವನ ಕೆಲಸ.

"ನಿಮ್ಮ ಯಜಮಾನರ ಹೆಸರೇನಮ್ಮ?"

ಅಜ್ಜಿ ನೆಟ್ಟಗೆ ಕೂತಳು. "ಏಳ್ಬೋದಂತೆ ಸಾಮಿ. ನನ್ ಮೊಮ್ಮಗ ಏಳವ್ನೆ, ಏನೂ ಆಗಾಕಿಲ್ವಂತೆ," ಎಂದವಳೇ ತಾತನ ಹೆಸರನ್ನು, ತಾತನ ಅಪ್ಪನ ಹೆಸರು ಮತ್ತು ಊರಿನ ಸಮೇತ, ಇಡೀ ಬೆಂಚಿಗೆ ಕೇಳುವಂತೆ ಹೇಳಿದಳು. ನನ್ನ ವಾದಕ್ಕೆ ಸಿಕ್ಕ ಮೊದಲ ನಿಜವಾದ ಗೆಲುವು ಅದು.

ಡಾಕ್ಟರು ಗಣಿಯವನ ಕೆಲಸದ ಚೀಟಿ ನೋಡಿದರು. "ನಿಮ್ಮಪ್ಪನ ಹೆಸರು ಇಲ್ಲಿ ಬೇರೆ ಇದೆಯಲ್ಲಪ್ಪ."

"ಅವ್ವಂಗೆ ಕಣ್ಣು ಕಾಣಾಕಿಲ್ಲ ಸಾರ್."

"ಕಣ್ಣು ಕಾಣದಿದ್ರೆ ಗಂಡನೂ ಬದಲಾಗ್ತಾನೇನೋ?"

ನಾನು ಎದ್ದು ನಿಂತೆ. ರೋಗ ಯಾರ ಚೀಟಿಯನ್ನೂ ನೋಡಿ ಬರುವುದಿಲ್ಲ ಎಂಬಲ್ಲಿಂದ ಶುರುಮಾಡಿ ಮನುಷ್ಯತ್ವದವರೆಗೆ ಹೋದೆ. ಡಾಕ್ಟರು ಪೂರ್ತಿ ಕೇಳಿದರು.

"ಚೆನ್ನಾಗಿ ಮಾತಾಡ್ತೀಯ. ಇಲ್ಲಿರೋ ಮದ್ದು ಗಣಿಯವರ ಮನೆಗಳಿಗೇ ಸಾಲದು. ಅಜ್ಜಿಗೆ ಮಂಚ ಬೇಕು. ಯಾರನ್ನ ಎಬ್ಬಿಸ್ಲಿ? ನೀನೇ ತೋರಿಸು."

ಬಾಗಿಲಿನಾಚೆ ವಾರ್ಡು ಕಾಣುತ್ತಿತ್ತು. ಹತ್ತಿರದ ಮಂಚದ ಹೆಂಗಸು, ನಾನು ಕೂರಲು ಜಾಗ ಹುಡುಕುತ್ತಿದ್ದೇನೆಂದು ತಿಳಿದು, ಕಾಲು ಮಡಚಿಕೊಂಡು ನಕ್ಕಳು. ನನ್ನ ಬೆರಳು ಮೇಲೇಳಲಿಲ್ಲ.

"ಓಗ್ಲಿ ಬುಡಪ್ಪ," ಎಂದಳು ಅಜ್ಜಿ. "ಅವರೆಸರು ಒಂದ್ಸಲನಾರ ಏಳ್ದಂಗಾಯ್ತು."

ಡಾಕ್ಟರು ಅವಳ ರೆಪ್ಪೆ ಎತ್ತಿ ಟಾರ್ಚು ಹಾಕಿ ತುಂಬ ಹೊತ್ತು ನೋಡಿದರು. "ಮಂಚ ಖಾಲಿಯಾದ ದಿನ ಹೇಳಿ ಕಳಿಸ್ತೀನಿ. ಮದ್ದು ರಾಬರ್ಟ್‌ಸನ್‌ಪೇಟೆ ಅಂಗಡಿಯಿಂದ ನೀವೇ ತರಬೇಕು. ಊಟ, ಕನ್ನಡಕ ನಿಮ್ಮದು. ನನ್ನ ಕೈಗೆ ಕೂಲಿ ಬೇಡ." ಆಮೇಲೆ ಪೆನ್ನು ಎತ್ತಿಕೊಂಡರು. "ಗಂಡನ ಹೆಸರು, ಹೇಳಲಿಲ್ಲ ಅಂತ ಬರೀತೀನಿ. ಹೆಂಗಸರು ಹೇಳಬಾರದು, ಪದ್ಧತಿ. ನಿನ್ನದೇನಾದ್ರೂ ವಾದ ಇದೆಯೇನಪ್ಪ?"

"ಇಲ್ಲ ಸಾರ್. ಒಳ್ಳೆ ಪದ್ಧತಿ."

ಆಪರೇಷನ್ ಆಯಿತು. ಪಟ್ಟಿ ಬಿಚ್ಚುವ ದಿನದ ಹೊತ್ತಿಗೆ ಗಣಿಯವನು, ಆಸ್ಪತ್ರೆಯಲ್ಲಿ ತಾನೇ ಮಗ ಎಂದು ಅಜ್ಜಿಗೆ ಚೆನ್ನಾಗಿ ಬುದ್ಧಿ ಹೇಳಿದ್ದ. ಡಾಕ್ಟರು ದಪ್ಪ ಗಾಜಿನ ಕನ್ನಡಕ ಹಾಕಿ, ಅವನನ್ನು ತೋರಿಸಿ, "ಇವರ್ಯಾರು?" ಎಂದರು.

"ನನ್ ಮಗ ಸಾಮಿ."

"ಇವನು?"

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ಅಳೆದಳು. ಕ್ರಾಪು, ಕನ್ನಡಕ, ಜೇಬಿನ ಪೆನ್ನು, ಯಾವುದನ್ನೂ ಬಿಡಲಿಲ್ಲ.

"ಈ ಸಣಕಲ ಯಾರೋ ನಂಗೊತ್ತಿಲ್ಲ."

"ಕಣ್ಣು ಚೆನ್ನಾಗಿ ಬಂದಿದೆ," ಎಂದರು ಡಾಕ್ಟರು.