ಪರೀಕ್ಷಕರು ಮಗುವಾದ ಶನಿವಾರ

ಪೊನ್ಸೆ ಊರಿನ ಸೊರೈದಾ ವಾರವಿಡೀ ಮಾಂಟೆಸ್ಸರಿ ಟೀಚರ್ ತರಬೇತಿಯಲ್ಲಿ ತಾಳ್ಮೆ ಕಲಿಯುತ್ತಿದ್ದಳು. ಶನಿವಾರ ಬಂದರೆ ಗೆಳೆಯರೊಂದಿಗೆ ಬೀದಿಯಲ್ಲಿ ದಮ್ಮಡಿ ಬಡಿದು ಪ್ಲೇನಾ ಎಂಬ ಊರ ಜನಪದ ಹಾಡು ಹಾಡುವಾಗ ತಾಳ. ಎರಡನ್ನೂ ಹೇಗೋ ತೂಗಿಸಿಕೊಂಡು ಬಂದಿದ್ದಳು. ಆದರೆ ಕೊನೆಯ ಪರೀಕ್ಷೆ ಬಿದ್ದದ್ದು ಶನಿವಾರ ಮೂರಕ್ಕೆ, ನಾಲ್ಕಕ್ಕೆ ಹಾಡಿನ ಮೇಳ.

ಈ ಪರೀಕ್ಷೆಯಲ್ಲಿ ಪರೀಕ್ಷಕರೇ ನಾಲ್ಕು ವರ್ಷದ ಮಗುವಾಗಿ ಕೂರುವುದು ಪದ್ಧತಿ. ಅರವತ್ತೆರಡರ ದೋನ್ಯಾ ಒತೀಲಿಯಾ ಹಾಗೇ ಕೂತರು. ಸೊರೈದಾ ಒಳಗೆ ಕಾಳು ತುಂಬಿದ ಸದ್ದಿನ ಡಬ್ಬಿಯನ್ನು ಕಿವಿಯ ಬಳಿ ಮೆಲ್ಲಗೆ ಒಮ್ಮೆ ಅಲ್ಲಾಡಿಸಿ ತೋರಿಸಬೇಕಿತ್ತು. ಅಭ್ಯಾಸಬಲ ನೋಡಿ, ಕೈ ಪ್ಲೇನಾದ ತಾಳ ಬಾರಿಸಿಬಿಟ್ಟಿತು. ‘ಮುಗೀತು, ನಾನು ಫೇಲು’ ಅಂದುಕೊಂಡಳು. ಅಷ್ಟರಲ್ಲಿ ಅರವತ್ತೆರಡರ ಆ ಮಗು ಡಬ್ಬಿಯನ್ನು ಕಿತ್ತುಕೊಂಡು ಅದೇ ತಾಳ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಮೈಮರೆತು ಕೆಲಸ ಮಾಡುವ ಮಗುವನ್ನು ತಡೆಯುವುದೆಂದರೆ ಮಾಂಟೆಸ್ಸರಿಯಲ್ಲಿ ಮಹಾಪಾಪ. ಸೊರೈದಾ ಕೈಕಟ್ಟಿ ಕೂತಳು. ಗಂಟೆ ನಾಲ್ಕೂ ಹೊಡೆಯಿತು.

ಮೇಳದ ಗೆಳೆಯ ಗ್ವೀಚೋ ಬಾಗಿಲು ತಳ್ಳಿಕೊಂಡು ಬಂದ. “ಏ ಸೊರೈದಾ, ಬರ್ತೀಯೋ ಇಲ್ವೋ? ಎಲ್ಲಾ ಕಾಯ್ತಾ ಇದಾರೆ!”

“ಶ್! ಮಗು ಕೆಲಸದಲ್ಲಿದೆ.”

“ಮಗುನಾ? ಅದಕ್ಕೆ ಹಲ್ಲುಸೆಟ್ಟು ಇದೆಯಲ್ಲೇ!”

ದೋನ್ಯಾ ಒತೀಲಿಯಾ ತಾಳ ತಪ್ಪಿಸದೆ ಹೇಳಿದರು: “ಒಂದು ಗಂಟೆ ನನ್ನನ್ನ ತಡೀದೇ ಕೂತ್ಯಲ್ಲ, ನೀನು ಪಾಸು ಕಣಮ್ಮ. ಈಗ ಮಗುನ ಮೇಳಕ್ಕೆ ಕರ್ಕೊಂಡು ಹೋಗು.”

ಗ್ವೀಚೋ ತಲೆ ಕೆರೆದುಕೊಂಡ. “ಮಗುಗೆ ಬಿಯರ್ ಕೊಡಬಹುದಾ?”

“ತಣ್ಣಗಿದ್ರೆ ಮಾತ್ರ,” ಎಂದಿತು ಮಗು.